ಕುಡಿತ ಕಡಿಮೆ ಮಾಡಲು ಆತ್ಮಸಂಯಮದ ಅಭ್ಯಾಸ ನೆರವಾಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ವಯಸ್ಸು 23. ವಾರದ ದಿನಗಳಲ್ಲಿ ಕುಡಿಯುವುದಿಲ್ಲ. ವಾರಾಂತ್ಯದಲ್ಲಿ ಗೆಳೆಯರ ಜೊತೆ ಎರಡೇ ಬಿಯರ್ ಎಂದುಕೊಂಡು ಕೂರುತ್ತೀರಿ, ಏಳುವಾಗ ಆರಾಗಿರುತ್ತದೆ. ಆತ್ಮಸಂಯಮವನ್ನು ಸ್ನಾಯುವಿನಂತೆ ಬೆಳೆಸುತ್ತೇವೆ ಎನ್ನುವ ಮೊಬೈಲ್ ಆಟವೊಂದರ ಜಾಹೀರಾತು ಕಣ್ಣಿಗೆ ಬಿದ್ದಿದೆ. ಅದನ್ನು ನಂಬಬಹುದೇ ಎಂದು ಕೇಳಿದ್ದೀರಿ.

ನಾನು ಯುವಜನರ ಕುಡಿತದ ತೊಂದರೆಗಳಿಗೆ ಆಪ್ತಸಮಾಲೋಚನೆ ನೀಡುವವನು. ಆ ಜಾಹೀರಾತು ಹೇಳುವ ಅರ್ಥದಲ್ಲಿ ಉತ್ತರ 'ಇಲ್ಲ' ಎಂದೇ. ಸಂಯಮಕ್ಕೆ ಅಭ್ಯಾಸ ಬೇಕು, ಅದರಿಂದ ಪ್ರಯೋಜನವೂ ಇದೆ. ಆದರೆ ರಾತ್ರಿ ಹತ್ತು ಗಂಟೆಗೆ, ಮೂರನೆಯ ಗ್ಲಾಸಿನ ಎದುರು, ನೀವು ಯಾವ ಸಂಯಮವನ್ನು ನೆಚ್ಚಿಕೊಂಡಿರುತ್ತೀರೋ ಅದನ್ನೇ ಮದ್ಯ ಎಲ್ಲಕ್ಕಿಂತ ಮೊದಲು ಮಂಕಾಗಿಸಿರುತ್ತದೆ. ಹಾಗಾಗಿ ಅಭ್ಯಾಸವೆಲ್ಲ ಮೊದಲ ಗುಟುಕಿಗೂ ಮುಂಚಿನ ಹೊತ್ತಿಗೆ ಸೇರಿದ್ದು.

ಸ್ನಾಯುವಿನ ಮಾತು ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಇಂಥ ಆಟಗಳನ್ನು ಮಾರುವವರೆಲ್ಲ ಅದನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. 1998ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಹಸಿದ ವಿದ್ಯಾರ್ಥಿಗಳ ಮುಂದೆ ಆಗತಾನೆ ಬೆಂದ ಚಾಕೊಲೇಟ್ ಬಿಸ್ಕತ್ತುಗಳನ್ನೂ ಮೂಲಂಗಿಯನ್ನೂ ಇಟ್ಟರು. ಕೆಲವರು ಬಿಸ್ಕತ್ತಿನ ವಾಸನೆ ಕುಡಿಯುತ್ತ ಮೂಲಂಗಿಯನ್ನೇ ತಿನ್ನಬೇಕಾಯಿತು. ಆಮೇಲೆ ಬಿಡಿಸಲಾಗದ ಒಗಟೊಂದನ್ನು ಎಲ್ಲರಿಗೂ ಕೊಟ್ಟರು. ಬಿಸ್ಕತ್ತು ತಿಂದವರು ಅದರೊಡನೆ ಸುಮಾರು 19 ನಿಮಿಷ ಗುದ್ದಾಡಿದರೆ, ಮೂಲಂಗಿಯವರು ಸುಮಾರು 8 ನಿಮಿಷಕ್ಕೆ ಕೈಚೆಲ್ಲಿದರು. ಸಂಯಮ ಬಳಸಿದಷ್ಟೂ ದಣಿಯುತ್ತದೆ, ದುಡಿಸಿದರೆ ಬಲಿಯುತ್ತದೆ ಎಂಬ ವಾದ ಹೀಗೆ ಬೆಳೆಯಿತು. ಎರಡು ವಾರ ಬೆನ್ನು ನೆಟ್ಟಗೆ ಇಟ್ಟುಕೊಂಡರೂ ಸಾಕು, ಒಟ್ಟಾರೆ ಸಂಯಮ ಹೆಚ್ಚುತ್ತದೆ ಎನ್ನುವ ಮಟ್ಟಿಗೆ ಹೋಯಿತು.

ಮುಂದಿನ ಕಥೆಯನ್ನು ಜಾಹೀರಾತಿನವರು ಹೇಳುವುದಿಲ್ಲ. 2016ರಲ್ಲಿ 23 ಪ್ರಯೋಗಾಲಯಗಳು 2,000ಕ್ಕೂ ಹೆಚ್ಚು ಜನರ ಮೇಲೆ ಈ ದಣಿವಿನ ವಾದವನ್ನು ಒಂದೇ ವಿಧಾನದಲ್ಲಿ ಪರೀಕ್ಷಿಸಿದಾಗ ಸಿಕ್ಕ ಪರಿಣಾಮ ಸೊನ್ನೆಯ ಆಸುಪಾಸಿನಲ್ಲಿತ್ತು. 2021ರಲ್ಲಿ 36 ಪ್ರಯೋಗಾಲಯಗಳು ಸೇರಿ ನಡೆಸಿದ ಪರೀಕ್ಷೆಯಲ್ಲೂ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಎಡಗೈಯಲ್ಲಿ ಹಲ್ಲುಜ್ಜಿದರೆ ಬಿಯರ್ ಕಡಿಮೆಯಾದೀತು ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಮದ್ಯಕ್ಕೆಂದೇ ರೂಪಿಸಿದ ತರಬೇತಿಗಳ ಕಥೆ ಬೇರೆ. ನೀವು ನೋಡಿದ ಆಟ ಬಹುಶಃ ಆ ಜಾತಿಯದು. ಪರದೆಯ ಮೇಲೆ ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ನೀರಿನ ಲೋಟ ಬಂದರೆ ಗುಂಡಿ ಒತ್ತಬೇಕು, ಬಿಯರ್ ಬಂದರೆ ಬೆರಳನ್ನು ತಡೆಯಬೇಕು. ಇದನ್ನು ನೂರಾರು ಸಲ ಮಾಡಿಸುತ್ತಾರೆ. ಬಿಯರ್ ಕಂಡೊಡನೆ ಕೈ ನಿಲ್ಲುವುದು ರೂಢಿಯಾಗಲಿ ಎಂಬುದು ಉದ್ದೇಶ. ನೆದರ್‌ಲೆಂಡ್ಸ್‌ನಲ್ಲಿ ಕಾಟ್ರಿಯನ್ ಹೌಬೆನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ತರಬೇತಿ ಪಡೆದ ವಿದ್ಯಾರ್ಥಿಗಳು ನಂತರದ ವಾರ ಕಡಿಮೆ ಕುಡಿದರು. ಕೇಳಲು ಚೆನ್ನಾಗಿದೆ. ಆದರೆ 2018ರಲ್ಲಿ, ವಿಪರೀತ ಕುಡಿಯುವ 246 ಜನರಿಗೆ ಇಂಥದೇ ತರಬೇತಿಯನ್ನು ಕೆಲವು ವಾರ ಅಂತರ್ಜಾಲದ ಮೂಲಕ ಕೊಟ್ಟು ನೋಡಿದಾಗ ಎಲ್ಲ ಗುಂಪುಗಳೂ ಕುಡಿತ ಇಳಿಸಿದವು. ಹೋಲಿಕೆಗೆಂದು ಬೇರೆ ಕೆಲಸ ಮಾಡಿಸಿದ ಗುಂಪೂ ಅಷ್ಟೇ ಇಳಿಸಿತ್ತು!

ನನಗೆ ಇಡೀ ವಿಷಯದಲ್ಲಿ ತುಂಬ ಮುಖ್ಯವಾಗಿ ಕಾಣುವುದು ಈ ಹೋಲಿಕೆಯ ಗುಂಪೇ. ಅವರಿಗೆ ಅಸಲಿ ತರಬೇತಿ ಸಿಕ್ಕಿರಲಿಲ್ಲ, ಆದರೂ ಕುಡಿತ ಇಳಿಯಿತು. ಅವರು ಕಡಿಮೆ ಮಾಡಬೇಕೆಂದು ತಾವಾಗಿ ಬಂದವರು, ಎಷ್ಟು ಕುಡಿದೆವೆಂದು ಲೆಕ್ಕ ಒಪ್ಪಿಸುತ್ತಿದ್ದವರು. ನನ್ನ ಬಳಿ ಬರುವವರಲ್ಲೂ ಇದನ್ನೇ ಕಾಣುತ್ತೇನೆ. ಬರೆದಿಡಲು ಶುರು ಮಾಡಿದ ಮೊದಲ ವಾರವೇ ಸಂಖ್ಯೆ ಇಳಿಯುತ್ತದೆ, ಬೇರೇನನ್ನೂ ಮಾಡುವ ಮುಂಚೆ. ಬರೆಯುವುದನ್ನು ಮಾತ್ರ ಮರುದಿನಕ್ಕೆ ಬಿಡಬೇಡಿ. ಮರುದಿನ ಬರೆದವರ ಪುಸ್ತಕದಲ್ಲಿ ಆರು ಸದಾ ನಾಲ್ಕಾಗಿರುತ್ತದೆ. ಗ್ಲಾಸ್ ಕೈಗೆ ತೆಗೆದುಕೊಳ್ಳುವ ಮುಂಚೆ ಬರೆಯಿರಿ.

ಲೆಕ್ಕವನ್ನು ಗ್ಲಾಸುಗಳಲ್ಲಲ್ಲ, ಗ್ರಾಂಗಳಲ್ಲಿ ಇಡುವುದು ಲೇಸು. ಶೇ 5ರ ಬಿಯರ್ 330 ಮಿಲಿಲೀಟರಿನಲ್ಲಿ ಸುಮಾರು 13 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಆರು ಎಂದರೆ 78 ಗ್ರಾಂ. ಯಕೃತ್ತು ಗಂಟೆಗೆ ಸರಿಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು, ಅಂದರೆ ಮಧ್ಯರಾತ್ರಿ ಮುಗಿಸಿದ ಕುಡಿತ ಬೆಳಿಗ್ಗೆ ವಾಹನದ ಕೀಲಿ ಕೈಗೆತ್ತಿಕೊಳ್ಳುವಾಗಲೂ ರಕ್ತದಲ್ಲಿ ಉಳಿದಿರಬಹುದು.

ತರಬೇತಿಗಳು ಬರೀ ಬುರುಡೆ ಎಂದು ಹೇಳುತ್ತಿಲ್ಲ. ರೈನೌಟ್ ವೀರ್ಸ್ ಮತ್ತು ಸಂಗಡಿಗರು ಜರ್ಮನಿಯ ಚಿಕಿತ್ಸಾಲಯವೊಂದರಲ್ಲಿ ಮದ್ಯವ್ಯಸನಕ್ಕೆ ದಾಖಲಾಗಿದ್ದ 214 ರೋಗಿಗಳೊಡನೆ ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಬಾಟಲಿಯ ಚಿತ್ರ ಬಂದಾಗ ಜಾಯ್‌ಸ್ಟಿಕ್ಕನ್ನು ದೂರ ತಳ್ಳಬೇಕು, ತಳ್ಳಿದಂತೆ ಚಿತ್ರ ಕುಗ್ಗುತ್ತ ಹೋಗುತ್ತದೆ. ಇಂಥ ನಾಲ್ಕೇ ಸರದಿಗಳು. ವರ್ಷದ ನಂತರ ತರಬೇತಿ ಇಲ್ಲದವರಲ್ಲಿ ಶೇ 59 ಮಂದಿ ಮತ್ತೆ ಕುಡಿತಕ್ಕೆ ಮರಳಿದ್ದರೆ, ತರಬೇತಿ ಪಡೆದವರಲ್ಲಿ ಶೇ 46. ಸಣ್ಣ ವ್ಯತ್ಯಾಸವಲ್ಲ. ಆದರೆ ಅವರು ಕುಡಿತ ಪೂರ್ತಿ ಬಿಡಲು ನಿರ್ಧರಿಸಿ, ಪೂರ್ಣ ಪ್ರಮಾಣದ ಚಿಕಿತ್ಸೆಯ ಜೊತೆಗೆ ಇದನ್ನು ಪಡೆದವರು. ಗೆಳೆಯರೊಡನೆ ಕೂತು ಎರಡಕ್ಕೆ ನಿಲ್ಲಿಸಬೇಕೆನ್ನುವ ನಿಮಗೆ ಅದೇ ಫಲ ಸಿಕ್ಕೀತು ಎನ್ನಲಾಗದು.

ಹಾಗಾದರೆ ಏನನ್ನು ಅಭ್ಯಾಸ ಮಾಡಬೇಕು? ಸಂಯಮ ಚೆನ್ನಾಗಿರುವವರು ಆಸೆಯೊಡನೆ ದಿನವಿಡೀ ಸೆಣಸುತ್ತಾರೆ ಎಂದು ನಾವು ಭಾವಿಸುತ್ತೇವೆ. 2012ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನವೊಂದು 205 ವಯಸ್ಕರನ್ನು ದಿನದ ನಡುನಡುವೆ 'ಈಗ ಯಾವ ಆಸೆಯಾಗುತ್ತಿದೆ, ತಡೆಯುತ್ತಿದ್ದೀರಾ' ಎಂದು ವಿಚಾರಿಸುತ್ತ ಹೋಯಿತು. ಸಂಯಮದಲ್ಲಿ ಮುಂದಿದ್ದವರಿಗೆ ಅಂಥ ಸೆಣಸಾಟಗಳೇ ಕಡಿಮೆ ಎಂದು ಗೊತ್ತಾಯಿತು. ಸೆಣಸಬೇಕಾದ ಸಂದರ್ಭ ಬಾರದಂತೆ ಅವರು ಬದುಕನ್ನು ಹೊಂದಿಸಿಕೊಂಡಿರುತ್ತಾರೆ ಎಂದು ನಾನು ಇದನ್ನು ಓದುತ್ತೇನೆ.

ನಿಮ್ಮ ಮೇಜಿನ ಮಟ್ಟಿಗೆ ಹೇಳುವುದಾದರೆ, ಎರಡು ಆರಾಗುವುದು ಎಲ್ಲಿ ಎಂದು ಗಮನಿಸಿ. ಬಹುಪಾಲು ಅದು ಗ್ಲಾಸ್ ಖಾಲಿಯಾಗುವ ಮುಂಚೆ ಯಾರೋ ಮತ್ತೆ ತುಂಬಿಸುವಲ್ಲಿ ಆಗುತ್ತದೆ. ಅರ್ಧ ಗ್ಲಾಸಿನ ಮೇಲೆ ಅರ್ಧ ಬಿದ್ದರೆ ಎಣಿಕೆ ತಪ್ಪಿತು ಎಂದೇ ಲೆಕ್ಕ. ಅಲ್ಲದೆ ಕುಡಿದದ್ದು ರಕ್ತದಲ್ಲಿ ಉತ್ತುಂಗ ತಲುಪಲು ಅರ್ಧ ಗಂಟೆಯಿಂದ ಒಂದು ಗಂಟೆಯೋ ಇನ್ನೂ ಹೆಚ್ಚೋ ಬೇಕು. ಎರಡನೆಯದು ಇನ್ನೂ ತಲೆಗೆ ಏರಿಯೇ ಇಲ್ಲದಾಗ 'ನನಗೇನೂ ಆಗಿಲ್ಲ' ಎಂದು ಮೂರನೆಯದಕ್ಕೆ ಒಪ್ಪುತ್ತೀರಿ. ಆ ಕ್ಷಣಕ್ಕೆ ಒಂದು ಸಾಲು ಮೊದಲೇ ಸಿದ್ಧವಿರಲಿ. ಪೀಟರ್ ಗೋಲ್ವಿಟ್ಜರ್ ಎಂಬ ಮನೋವಿಜ್ಞಾನಿ ಇಂಥ 'ಹೀಗಾದರೆ ಹೀಗೆ ಮಾಡುತ್ತೇನೆ' ಎಂಬ ಯೋಜನೆಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. 'ಕಡಿಮೆ ಕುಡಿಯುತ್ತೇನೆ' ಎನ್ನುವ ಸಂಕಲ್ಪಕ್ಕಿಂತ 'ಯಾರಾದರೂ ಬಾಟಲಿ ಬಾಗಿಸಿದರೆ ಗ್ಲಾಸಿನ ಮೇಲೆ ಅಂಗೈ ಇಡುತ್ತೇನೆ' ಎನ್ನುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಒಬ್ಬರೇ ಇದ್ದಾಗ ಅದನ್ನು ನಿಜಕ್ಕೂ ಮಾಡಿ ನೋಡಿ, ಅಂಗೈ ಇಟ್ಟು, ಬಾಯಿಬಿಟ್ಟು ಹೇಳಿ. ನಾಚಿಕೆಯಾಗುತ್ತದೆ, ಆಗಲಿ.

ಹೇಳುವಾಗ ಕಾರಣ ಕೊಡಬೇಡಿ. 'ನಾಳೆ ಬೇಗ ಏಳಬೇಕು' ಎಂದರೆ 'ನಾವೇನು ಮಲಗಿರುತ್ತೇವೆಯೇ' ಎಂಬ ಉತ್ತರ ಬರುತ್ತದೆ, ಅಲ್ಲಿಂದ ವಾದ ಶುರು. 'ಇವತ್ತಿಗೆ ನನ್ನದು ಮುಗಿಯಿತು' ಎಂದರೆ ವಾದಕ್ಕೆ ಹಿಡಿಯಲು ತುದಿಯೇ ಸಿಗುವುದಿಲ್ಲ.

ಒಂದು ರಾತ್ರಿ ಲೆಕ್ಕ ತಪ್ಪಿಯೇ ತಪ್ಪುತ್ತದೆ. ಮೂರನೆಯದು ಒಳಗೆ ಹೋದ ಮೇಲೆ 'ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು' ಎಂಬ ಮನಸ್ಸು ಬರುತ್ತದಲ್ಲ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್ ಅದನ್ನೇ ಕೂಲಂಕಷವಾಗಿ ಅಧ್ಯಯನ ಮಾಡಿದವರು. ನಿಯಮ ಮುರಿದದ್ದಕ್ಕೆ ತನ್ನನ್ನು ಹಳಿದುಕೊಂಡವನೇ ಆಮೇಲೆ ಹೆಚ್ಚು ಕುಡಿಯುತ್ತಾನೆ. ಹಾಗಾಗಿ ಮೂರಾದ ಮೇಲೂ ಒಂದು ಯೋಜನೆ ಇರಲಿ: ನೀರು, ಊಟ, ಮನೆಗೆ ಹೊರಡುವ ಹೊತ್ತು. ಆಸೆ ಜೋರಾಗಿ ಬಂದಾಗ ಅದರೊಡನೆ ಜಗಳಕ್ಕೆ ನಿಲ್ಲದೆ, ಗಂಟಲಲ್ಲೋ ಎದೆಯಲ್ಲೋ ಎಲ್ಲಿ ಎಳೆಯುತ್ತಿದೆ ಎಂದು ನೋಡುತ್ತ ಕೂರುವುದನ್ನೂ ಮಾರ್ಲಟ್ ಕಲಿಸುತ್ತಿದ್ದರು. ಸಾಮಾನ್ಯವಾಗಿ ಅದು ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ.

ಇಷ್ಟೆಲ್ಲ ಹೇಳಿದ್ದು ನಿಮ್ಮಂತೆ ವಾರಾಂತ್ಯದಲ್ಲಿ ಕುಡಿಯುವವರಿಗೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಸುಲಭವಾಗಿ ಸಿಗುತ್ತದೆ, ಇವತ್ತೇ ತುಂಬಿಸಿ. ಅಂಕ 8 ಅಥವಾ ಹೆಚ್ಚು ಬಂದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ದಿನವೂ ಕುಡಿಯುವ ರೂಢಿಯಿದ್ದು, ಬಿಟ್ಟ ಬೆಳಿಗ್ಗೆ ಕೈ ನಡುಗಿ ಬೆವರುತ್ತಿದ್ದರೆ, ದಯವಿಟ್ಟು ಮನೆಯಲ್ಲೇ ಒಮ್ಮೆಗೇ ನಿಲ್ಲಿಸುವ ಸಾಹಸ ಬೇಡ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು-ಮೂರನೆಯ ದಿನ ಬುದ್ಧಿ ಭ್ರಮಿಸಿ ಪ್ರಾಣಕ್ಕೇ ಕುತ್ತಾಗಬಹುದು. ಅಂಥವರಿಗೆ ಆಸ್ಪತ್ರೆಯಲ್ಲಿ ಔಷಧಿಯ ನೆರವಿನಿಂದ ಬಿಡಿಸುತ್ತಾರೆ. ಆಮೇಲೆ ಕುಡಿತದ ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳೂ ಇವೆ, ಅವನ್ನು ಯಾರಿಗೆ ಕೊಡಬೇಕೆಂಬುದು ವೈದ್ಯರು ತೀರ್ಮಾನಿಸುವ ವಿಷಯ.