ಮುಟ್ಟಬಾರದು ಅಂದ್ರೆ ಯಾಕೆ ಮಿಸ್?

ಓದುಗರ ಪ್ರಶ್ನೆಗಳಿಗೆ ಹಾಸನದ ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರ ಉತ್ತರ. ಈ ಸಲ ಮ್ಯೂಸಿಯಂ ಮತ್ತು ಚಿತ್ರಶಾಲೆಗಳ ರೀತಿ ನೀತಿ.

ಪ್ರಶ್ನೆ: ಎಂಟನೇ ಕ್ಲಾಸಿನ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ದೇವಸ್ಥಾನದ ಪಕ್ಕದ ಮ್ಯೂಸಿಯಂ ಕೂಡ ತೋರಿಸಬೇಕು. ಏನನ್ನೂ ಮುಟ್ಟಬೇಡಿ ಅಂದರೆ ಒಬ್ಬ ಹುಡುಗ, “ಒಂಬೈನೂರು ವರ್ಷದಿಂದ ನಿಂತಿರೋ ಕಲ್ಲಿಗೆ ನಾವು ಮುಟ್ಟಿದ್ರೆ ಏನಾಗುತ್ತೆ ಮಿಸ್?” ಅಂದ. ಏನು ಹೇಳಲಿ?
– ಶಿಕ್ಷಕಿ, ಚನ್ನರಾಯಪಟ್ಟಣ

ಉತ್ತರ: ಮೊದಲು ಆ ಹುಡುಗನಿಗೆ ಶಹಬ್ಬಾಸ್ ಹೇಳಿ. ಕಾರಣ ಹೇಳದೆ ಬರೀ “ಮುಟ್ಟಬೇಡ” ಅಂದರೆ ನಾನೂ ಮುಟ್ಟಿ ನೋಡುವವಳೇ.

ಹೊಯ್ಸಳರ ಕಾಲದವರು ಕೆತ್ತಿದ್ದು ಗ್ರಾನೈಟ್ ಅಲ್ಲ, ಬಳಪದ ಕಲ್ಲು. ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿ ತಾಗುತ್ತಾ ಗಟ್ಟಿಯಾಗುತ್ತದೆ. ಬೆರಳಿನ ಉಂಗುರ, ಕೊರಳ ಹಾರದ ಒಂದೊಂದು ಮಣಿ, ಅಷ್ಟು ಸಣ್ಣ ಕೆಲಸ ಸಾಧ್ಯವಾಗಿದ್ದೇ ಅದರಿಂದ. ಗಟ್ಟಿಯಾಯಿತು ಅಂದರೂ ಗ್ರಾನೈಟಿನಷ್ಟು ಅಲ್ಲ. ಸವೆಯುವುದೂ ಬೇಗ. ನಮ್ಮ ಕೈಯಲ್ಲಿ ಬೆವರು, ಉಪ್ಪು, ಎಣ್ಣೆ ಎಲ್ಲ ಇರುತ್ತದೆ. ನಿಮ್ಮ ಹುಡುಗ ಒಬ್ಬನೇ ಮುಟ್ಟಿದರೆ ಏನೂ ಆಗುವುದಿಲ್ಲ, ಅದು ನಿಜ. ಅವನ ಹಿಂದೆ ಕ್ಯೂ ಇದೆ, ಅಷ್ಟೆ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಅಲ್ಲಿನ ಹೊಯ್ಸಳೇಶ್ವರ ದೇವಸ್ಥಾನದಲ್ಲೇ ತೋರಿಸಿ. ಹೊರಗೋಡೆಯ ಕೆಳಸಾಲಿನಲ್ಲಿ ಆನೆಗಳಿವೆ, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಕೈಗೆ ಎಟಕುವ ಸಾಲು ಯಾವುದು, ಎಟಕದ್ದು ಯಾವುದು, ಎರಡನ್ನೂ ಹತ್ತಿರದಿಂದ ಹೋಲಿಸಿ ನೋಡಲಿ. ಜನ ಸವರಿ ಸವರಿ ಬಿಟ್ಟ ಕಲ್ಲು ಕಪ್ಪಗೆ, ನುಣ್ಣಗೆ ಹೊಳೆಯುತ್ತಿರುತ್ತದೆ. ಆ ಹೊಳಪು ಶಿಲ್ಪಿ ಕೊಟ್ಟಿದ್ದಲ್ಲ. ಇದನ್ನು ಕಂಡುಹಿಡಿದ ಮಕ್ಕಳು ಮ್ಯೂಸಿಯಂ ಒಳಗೆ ತಾವೇ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ.

ಇನ್ನು ಕೆಲಸದ ಮಾತು. ಶುಕ್ರವಾರ ಹೋಗಬೇಡಿ, ಕೇಂದ್ರ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಅವತ್ತು ರಜೆ. ದೇವಸ್ಥಾನ ತೆರೆದಿರುತ್ತದೆ, ಅದಕ್ಕೇ ಎಷ್ಟೋ ಶಾಲೆಯವರು ಮೋಸ ಹೋಗುತ್ತಾರೆ. ಬ್ಯಾಗು, ನೀರಿನ ಬಾಟಲಿ ಬಸ್ಸಿನಲ್ಲೇ ಇರಲಿ. ಎಲ್ಲರನ್ನೂ ಒಟ್ಟಿಗೆ ನುಗ್ಗಿಸದೆ ಹತ್ತು ಹತ್ತು ಜನರನ್ನು ಬಿಡಿ. ಕೈಗೆ ಪೆನ್ಸಿಲ್ ಕೊಡಿ, ಪೆನ್ ಬೇಡ. ಪೆನ್ಸಿಲ್ ಗೀಟು ಬಿದ್ದರೆ ಒರೆಸಬಹುದು, ಇಂಕು ಬಿದ್ದರೆ ಮುಗಿಯಿತು. ಆಮೇಲೆ ಒಬ್ಬೊಬ್ಬರೂ ಒಂದೇ ಒಂದು ಮೂರ್ತಿ ಆರಿಸಿಕೊಂಡು ಅದರ ಕೈ ಮಾತ್ರ ಬರೆಯಲಿ. ಇಡೀ ಮೂರ್ತಿ ಅಂದರೆ ಹೆದರಿಕೊಳ್ಳುತ್ತಾರೆ. ಕೈ ಬರೆಯಲು ಹೊರಟರೆ ಕಾಲು ಗಂಟೆ ಗಲಾಟೆ ಇರುವುದಿಲ್ಲ, ನನ್ನ ಮಾತು ನಂಬಿ.

ಹೆಸರು ಕೆತ್ತುವ ಹೀರೋಗಳು ನಿಮ್ಮಲ್ಲಿದ್ದರೆ ಇದನ್ನೂ ಹೇಳಿಬಿಡಿ: ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ಮ್ಯೂಸಿಯಂನಲ್ಲಿ ನಮ್ಮ ಅತ್ತೆ ಒಂದು ದೇವಿ ಮೂರ್ತಿಗೆ ಕುಂಕುಮ ಇಟ್ಟು ಕಾಲ ಬಳಿ ಕಾಸು ಹಾಕಿದರು. ಅಲ್ಲಿಯವರು ಎಲ್ಲರ ಎದುರಿಗೆ ಗದರಿದರು. ದೇವರಿಗೆ ಕೈ ಮುಗಿಯುವುದೂ ತಪ್ಪಾ ಅಂತ ಅತ್ತೆ ಇನ್ನೂ ಕೊರಗುತ್ತಿದ್ದಾರೆ.
– ಗೃಹಿಣಿ, ಬೇಲೂರು

ಉತ್ತರ: ಕೈ ಮುಗಿಯುವುದು ಖಂಡಿತ ತಪ್ಪಲ್ಲ. ಕೈ ಮುಗಿಯಲಿ, ಸ್ತೋತ್ರ ಹೇಳಿಕೊಳ್ಳಲಿ, ಕಣ್ಣು ಮುಚ್ಚಿ ಎಷ್ಟು ಹೊತ್ತಾದರೂ ನಿಲ್ಲಲಿ. ಗದರಿದ್ದು ನನಗೂ ಸರಿ ಕಾಣಲಿಲ್ಲ. ಹಿರಿಯರಿಗೆ “ಅಮ್ಮಾ, ಕುಂಕುಮ ಬೇಡಮ್ಮಾ” ಅಂದಿದ್ದರೆ ಸಾಕಿತ್ತು.

ಆದರೆ ಕುಂಕುಮದ ಬಣ್ಣ ಕಲ್ಲಿನ ಸಣ್ಣ ಸಣ್ಣ ಸಂದಿಗೆ ಇಳಿದುಬಿಡುತ್ತದೆ. ತೆಗೆಯಲು ಉಜ್ಜಬೇಕು, ಉಜ್ಜಿದರೆ ಕೆತ್ತನೆಯೂ ಹೋಗುತ್ತದೆ. ಎಣ್ಣೆ ಹಚ್ಚಿದರೆ ಧೂಳು ಹಿಡಿದು ಕೂರುತ್ತದೆ. ಅತ್ತೆಗೆ ಇದನ್ನು ವಿಜ್ಞಾನದ ಪಾಠ ಮಾಡಿ ಹೇಳಬೇಡಿ. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ ಅನ್ನುವುದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮ್ಯೂಸಿಯಂ ಸೇರಿದ ಮೂರ್ತಿಗಳಲ್ಲಿ ಮೂಗು, ಕೈ, ಪೀಠ ಏನಾದರೊಂದು ಮುಕ್ಕಾದವೇ ಜಾಸ್ತಿ. ಅಷ್ಟು ನೆನಪಿಸಿ. ಮುಂದಿನ ಸಲ ಮೊದಲು ಚೆನ್ನಕೇಶವನಿಗೆ ಅರ್ಚನೆ ಮಾಡಿಸಿಕೊಂಡು ಆಮೇಲೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಕುಂಕುಮದ ಪೊಟ್ಟಣ ನಿಮ್ಮ ಪರ್ಸಿನಲ್ಲಿರಲಿ.

ಪ್ರಶ್ನೆ: ಫೋನಿನ ಫ್ಲಾಶಿನಿಂದ ಚಿತ್ರ ಹಾಳಾಗುತ್ತದೆ ಅನ್ನುವುದು ನಿಜವಾ? ಸುಮ್ನೆ ಹೆದರಿಸುತ್ತಾರಾ?
– ಕಾಲೇಜು ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಒಂದು ಫ್ಲಾಶಿಗೆ ಯಾವ ಚಿತ್ರವೂ ಮಾಸುವುದಿಲ್ಲ. ಆದರೆ ಬೆಳಕಿನಿಂದ ಆಗುವ ಹಾನಿ ಸೇರುತ್ತಾ ಹೋಗುತ್ತದೆ, ಒಮ್ಮೆ ಹೋದ ಬಣ್ಣ ವಾಪಸ್ ಬರುವುದಿಲ್ಲ. ಜಲವರ್ಣ, ಹಳೆಯ ಕಾಗದಕ್ಕೆಲ್ಲ 50 ಲಕ್ಸ್ (ಲಕ್ಸ್ ಅಂದರೆ ಬೆಳಕು ಅಳೆಯುವ ಮಾನ) ಬೆಳಕು ಸಾಕು ಅನ್ನುವುದು ಮ್ಯೂಸಿಯಂನವರ ಲೆಕ್ಕ. ಕೆಲವು ಕೋಣೆ ಮಬ್ಬು ಮಬ್ಬಾಗಿ ಇರುವುದು ಅದಕ್ಕೇ, ಕರೆಂಟು ಉಳಿಸಲು ಅಲ್ಲ.

ನನ್ನ ತಕರಾರು ಬೇರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಲ್ದಣಕರ್ ಅವರು ಬರೆದ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದು ಜಲವರ್ಣ. ದೀಪಕ್ಕೆ ಅಡ್ಡ ಹಿಡಿದ ಅಂಗೈ ನೋಡಿ. ಬೆಳಕು ಬೆರಳುಗಳ ಒಳಗಿಂದ ಕೆಂಪಗೆ ಹಾಯ್ದು ಬಂದ ಹಾಗಿದೆ. ಆ ಕೆಂಪು ಕಾಣಲಿ ಅಂತಲೇ ಕೋಣೆಯನ್ನು ಕತ್ತಲು ಮಾಡಿ ಇಟ್ಟಿದ್ದರು. ಅಲ್ಲಿ ಒಬ್ಬ ಫ್ಲಾಶ್ ಹೊಡೆದರೆ ಚಿತ್ರಕ್ಕೆ ಏನಾಗುತ್ತದೋ ಬಿಡಿ, ಸುತ್ತ ನಿಂತವರಿಗೆ ಆ ದೀಪ ಆರಿದಂತೆಯೇ. ನಿಮ್ಮ ಫೋಟೋದಲ್ಲೂ ಗಾಜಿನ ಮೇಲೆ ಒಂದು ಬಿಳಿ ಚುಕ್ಕೆ ಬಿಟ್ಟರೆ ಏನೂ ಬರುವುದಿಲ್ಲ.

ಫೋಟೋ ತೆಗೆಯಬಹುದಾ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಬಾಗಿಲಲ್ಲೇ ಕೇಳಿ. ಸೆಲ್ಫಿ ಸ್ಟಿಕ್ ಮನೆಯಲ್ಲಿ ಬಿಡಿ. ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ, ತಿರುಗುವಾಗ ಬೆನ್ನಿಗೆ ಕಣ್ಣಿರುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಗ್ಯಾಲರಿಯಲ್ಲಿ ಒದ್ದೆ ಛತ್ರಿ ಒಳಗೆ ಬಿಡಲಿಲ್ಲ. ಯಾಕೆ ಇಷ್ಟು ಕಟ್ಟುನಿಟ್ಟು?
– ಮೂಡಿಗೆರೆಯಿಂದ ಒಬ್ಬರು

ಉತ್ತರ: ಮೂಡಿಗೆರೆಯವರು ಕೇಳುವ ಪ್ರಶ್ನೆಯಾ ಇದು! ಆಷಾಢದಲ್ಲಿ ಬೀರುವಿನಲ್ಲಿಟ್ಟ ಚಪ್ಪಲಿಗೆ ಬೂಷ್ಟು ಬರುತ್ತದಲ್ಲ, ಕೋಣೆಯಲ್ಲಿ ತೇವ ಸೇರಿದರೆ ಚಿತ್ರದ ಕ್ಯಾನ್ವಾಸಿಗೂ ಹಾಗೇ.

ಪ್ರಶ್ನೆ: ಐದು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹೋಗಬಹುದಾ? ಸುಮ್ಮನೆ ಕೂರುವ ಹುಡುಗ ಅಲ್ಲ. ಮಾಡರ್ನ್ ಆರ್ಟ್ ನೋಡಿ ಜೋರಾಗಿ ನಕ್ಕುಬಿಟ್ಟರೆ?
– ತಾತ, ಸಕಲೇಶಪುರ

ಉತ್ತರ: ಧಾರಾಳವಾಗಿ ಹೋಗಿ. ನಗಲಿ ಬಿಡಿ ಯಜಮಾನರೇ, ನೀವೂ ನಕ್ಕರೆ ಯಾರೂ ಹಿಡಿದುಕೊಳ್ಳುವುದಿಲ್ಲ. ಮ್ಯೂಸಿಯಂ ಅಂದರೆ ಮೌನವ್ರತ ಅಂತ ನಮ್ಮ ಜನಕ್ಕೆ ಯಾರು ಹೇಳಿದರೋ. ಪಕ್ಕದವರಿಗೆ ತೊಂದರೆ ಆಗದ ಹಾಗೆ ಮಾತಾಡಬಹುದು, ಇಷ್ಟವಿಲ್ಲ ಅನ್ನಬಹುದು, ಒಂದು ಕೋಣೆಯನ್ನು ಬಿಟ್ಟೇ ಮುಂದೆ ಹೋಗಬಹುದು.

ಓಡಲು ಮಾತ್ರ ಬಿಡಬೇಡಿ. 2015ರಲ್ಲಿ ತೈವಾನಿನ ತೈಪೆಯಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಮುಗ್ಗರಿಸಿ ಹಳೆಯ ಚಿತ್ರಕ್ಕೆ ಕೈ ಊರಿದ, ಕ್ಯಾನ್ವಾಸ್ ತೂತಾಯಿತು. ಕೈಯಲ್ಲಿ ಕುಡಿಯುವ ಡ್ರಿಂಕ್ ಬೇರೆ ಇತ್ತು. ಮಕ್ಕಳೇ ಹೀಗೆ ಅನ್ನಬೇಡಿ. 2006ರಲ್ಲಿ ಸ್ಟೀವ್ ವಿನ್ ಅನ್ನುವ ಅಮೆರಿಕದ ಕೋಟ್ಯಧಿಪತಿ ತನ್ನದೇ ಪಿಕಾಸೊ ಚಿತ್ರವನ್ನು ಸ್ನೇಹಿತರಿಗೆ ತೋರಿಸುತ್ತಾ ಮೊಣಕೈ ತಾಗಿಸಿ ಹರಿದುಕೊಂಡ.

ಹಾಗಾಗಿ ಚಿತ್ರದಿಂದ ಒಂದು ಮಾರು ದೂರ ನಿಲ್ಲಿ, ಬೆರಳು ಮಾಡಿ ತೋರಿಸುವಾಗಲೂ ಅಷ್ಟೇ. ಮೊಮ್ಮಗನಿಗೆ ಮೊದಲೇ ಹೊಟ್ಟೆ ತುಂಬ ತಿನ್ನಿಸಿ, ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಬನ್ನಿ. ಅರ್ಧ ಗಂಟೆ ನೋಡಿದರೆ ಧಾರಾಳವಾಯಿತು. ಅವನು ರಚ್ಚೆ ಹಿಡಿಯುವ ಮುಂಚೆಯೇ ಹೊರಡಿ, ಟಿಕೆಟ್ ದುಡ್ಡು ದಂಡವಾಯಿತು ಅಂತ ಉಳಿದ ಕೋಣೆಗಳಿಗೆ ಎಳೆದುಕೊಂಡು ಹೋಗಬೇಡಿ.