ಕಿಟಕಿಯ ಬಣ್ಣದ ಪುಡಿ, ತೆವಳುವ ಮಗು
ಮುಂಬೈ ಮಾಟುಂಗದ ಹಳೇ ಮನೆಯಲ್ಲಿ ಕಿಟಕಿಯ ಬಣ್ಣ ಉದುರುತ್ತಿದೆ, ಹತ್ತು ತಿಂಗಳ ಮಗುವಿಗೆ ತೊಂದರೆಯಾ ಅಂತ ಕೇಳಿದ್ದೀರಿ. ಹೌದು, ಆಗಬಹುದು. ಮನೆ ಬಣ್ಣದಲ್ಲಿ ಸೀಸ (ಲೆಡ್ ಎಂಬ ವಿಷಕಾರಿ ಲೋಹ) 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದು ಅನ್ನುವ ಮಿತಿ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕೂ ಹಳೇ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು. ಕಿಟಕಿ ತೆಗೆದು ಮುಚ್ಚುವಾಗ ಬಣ್ಣ ಉಜ್ಜಿಕೊಂಡು ಹಿಟ್ಟಿನಂಥ ಪುಡಿ ಬೀಳುತ್ತದೆ. ಮಗು ಅಂಗೈ ಊರಿ ತೆವಳುತ್ತದೆ, ಆಮೇಲೆ ಬೆರಳು ಬಾಯಿಗೆ ಹೋಗುತ್ತದೆ, ಅಲ್ವಾ? ನನ್ನ ಮಗಳ ಅಂಗೈ ಗೆರೆಗಳಲ್ಲಿ ನೀಲಿ ಪುಡಿ ಕಂಡಾಗ ನನ್ನ ಎದೆ ಧಸಕ್ಕೆಂದಿತ್ತು.

ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಣ್ಣವನ್ನು ನೀವೇ ಸ್ಯಾಂಡ್‌ಪೇಪರಿನಿಂದ ಉಜ್ಜಲು ಹೋಗಬೇಡಿ, ಧೂಳು ಇನ್ನೂ ಹೆಚ್ಚಾಗುತ್ತದೆ. ಊಟಕ್ಕೆ ಮುಂಚೆ ಮಗುವಿನ ಕೈ ತೊಳೆಸಿ. ಮಕ್ಕಳ ಡಾಕ್ಟರ ಹತ್ತಿರ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಲು ಕೇಳಿ. ಮಗು ಚೆನ್ನಾಗಿ ಆಡುತ್ತಿದೆ ಅಂತ ಸುಮ್ನೆ ಬಿಡಬೇಡಿ, ಮೊದಮೊದಲು ಹೊರಗೆ ಏನೂ ಗೊತ್ತಾಗುವುದಿಲ್ಲ.