ಕುಂಡದಲ್ಲಿ ಬೆಳೆಸಿದ ಎರಡೂ ಮೆಣಸಿನ ಗಿಡಗಳಿಗೆ ಒಂದೇ ಮಣ್ಣು, ಒಂದೇ ನೀರು. ಆದರೂ ಬ್ಯಾಡಗಿಗಿಂತ ಸೂಜಿ ಮೆಣಸು ಯಾಕೆ ಅಷ್ಟು ಖಾರ?

ಖಾರ ಎಷ್ಟಿರಬೇಕು ಅನ್ನೋದನ್ನು ಮುಖ್ಯವಾಗಿ ತಳಿಯೇ ತೀರ್ಮಾನಿಸುತ್ತದೆ, ಕುಂಡದ ಮಣ್ಣಲ್ಲ. ಬಿಸಿಲು, ನೀರಿನ ಕೊರತೆಯಿಂದ ಸ್ವಲ್ಪ ಏರುಪೇರಾಗಬಹುದು, ಅಷ್ಟೇ.

ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿ: ಬೀಜಗಳು ಅಂಟಿಕೊಂಡಿರುವ ಬಿಳಿ ತಿರುಳು ಕಾಣುತ್ತದೆ. ಕ್ಯಾಪ್ಸೈಸಿನ್ ಹುಟ್ಟುವುದು ಅಲ್ಲಿ, ಬೀಜದಲ್ಲಿ ಅಲ್ಲ. ಸೂಜಿ ಮೆಣಸಿನಲ್ಲಿ ಅದು ಬಹಳ ಜಾಸ್ತಿ, ಬ್ಯಾಡಗಿಯಲ್ಲಿ ಕಡಿಮೆ. ಬ್ಯಾಡಗಿಯ ಕಡುಗೆಂಪು ನೋಡಿ ಹೆದರಬೇಡಿ. ಬಣ್ಣ ಕೊಡುವ ವಸ್ತುವೇ ಬೇರೆ. ಆ ಬಣ್ಣಕ್ಕೇ ಅದು ಹೆಸರುವಾಸಿ, ಅಲ್ವಾ?

ರುಚಿ ನೋಡುವಾಗ ತುದಿಯಿಂದ ಚೂರೇ ಚೂರು ಕಚ್ಚಿ. ತೊಟ್ಟಿನ ಕಡೆ ಬಿಳಿ ತಿರುಳು ಜಾಸ್ತಿ, ಖಾರವೂ ಜಾಸ್ತಿ. ನಾಲಿಗೆ ಉರಿದರೆ ಹಾಲು ಕುಡಿಯಿರಿ. ಕ್ಯಾಪ್ಸೈಸಿನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ.